ಕೋಟದ ಭೂತರಾಜ್ಯ, ಕೆರಾಡಿಯ ಕೂಗು

ಅಕ್ಟೋಬರ್ ಕೊನೆ ಬಂತೆಂದರೆ ಜಗತ್ತಿನ ಎಷ್ಟೋ ಮನೆಗಳಲ್ಲಿ ಹಳೆಯ ಹಾರರ್ ಸಿನಿಮಾಗಳು ಹೊರಬರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಂದಿಗೆ ಹೆದರಿಕೆಯ ಆಟ ಹೊಸತೇನಲ್ಲ. ಅದನ್ನು ಒಟ್ಟಿಗೆ ಕೂತು ನೋಡುವ ರೂಢಿ ಮಾತ್ರ ಈಗ ಕೈತಪ್ಪುತ್ತಿದೆ.

ನಾನು ಮೊದಲ ಸಲ ದೆವ್ವದ ಸಿನಿಮಾ ನೋಡಿದ್ದು ಮನೆಯಂಗಳದಲ್ಲಿ. ಎಂಬತ್ತರ ದಶಕದ ಕೊನೆ. ವಾರಾಹಿ ದಡದ ನಮ್ಮೂರಿಗೆ ಕುಂದಾಪುರದಿಂದ ಟಿ.ವಿ., ವಿಸಿಪಿ ಬಾಡಿಗೆಗೆ ತರಿಸುವುದು ಆಗ ಮದುವೆಯ ಮರುದಿನದ ದೊಡ್ಡ ಸಂಭ್ರಮ. ಚಪ್ಪರ ಇನ್ನೂ ಬಿಚ್ಚಿರುವುದಿಲ್ಲ, ನೆಂಟರು ಇನ್ನೂ ಹೊರಟಿರುವುದಿಲ್ಲ. ಒಂದು ರಾತ್ರಿಗೆ ಮೂರು ಕ್ಯಾಸೆಟ್. ಮೊದಲು ರಾಜ್‌ಕುಮಾರ್, ನಡುವೆ ಒಂದು ಹಿಂದಿ, ಮಕ್ಕಳು ಮಲಗಿದ ಮೇಲೆ ಹಾಕಲಿಕ್ಕೆಂದು ‘ನಾ ನಿನ್ನ ಬಿಡಲಾರೆ’. ಮಕ್ಕಳು ಮಲಗಲಿಲ್ಲ.

1979ರ ಆ ಚಿತ್ರದಲ್ಲಿ ಅನಂತ್ ನಾಗ್ ಮೈಮೇಲೆ ಕಾಮಿನಿ ಬರುತ್ತಾಳೆ. ನಿನ್ನೆವರೆಗೆ ಮೆತ್ತಗೆ ಮಾತಾಡುತ್ತಿದ್ದ ಗಂಡಸು ಒಮ್ಮೆಲೇ ಕತ್ತು ವಾಲಿಸಿ ನೋಡುವ ಆ ನೋಟಕ್ಕೆ ಅಂಗಳವೇ ಉಸಿರು ಬಿಗಿಹಿಡಿಯಿತು. ಅಜ್ಜಿ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕಣ್ಣಿಗೆ ಕೈ ಅಡ್ಡ ಹಿಡಿದರು. ಕೈಯಲ್ಲಿ ಎಲೆಯಡಿಕೆಯ ವಾಸನೆ. ಬೆರಳ ಸಂದಿನಲ್ಲಿ ನನಗೆ ಎಲ್ಲವೂ ಕಾಣುತ್ತಿತ್ತು, ಅದು ಅಜ್ಜಿಗೂ ಗೊತ್ತಿತ್ತು. “ಹೆದ್ರಬ್ಯಾಡ ಮಗಾ, ನಾನಿದ್ದೆ” ಎಂದರು.

ನಡುರಾತ್ರಿ ಕಳೆದು ಮನೆಗೆ ಹೊರಟಾಗ ಸೂಡಿ ಹೊತ್ತಿಸಿದರು. ಗದ್ದೆಯಂಚಿನ ಮೇಲೆ ಒಬ್ಬರ ಹಿಂದೆ ಒಬ್ಬರು. ತೋಡಿನ ಸಂಕ ದಾಟುವಲ್ಲಿ ಸಾಲಿನ ಕೊನೆಗೆ ಉಳಿಯಲು ಯಾವ ಮಗುವೂ ಒಪ್ಪಲಿಲ್ಲ. ಮುಂದಿದ್ದ ದೊಡ್ಡ ಮಾವ ಮಾತಾಡದೆ ಸೂಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿಂದಕ್ಕೆ ಬಂದು ಕೊನೆಯಲ್ಲಿ ನಿಂತರು. ಆ ಮೇಲೆ ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ಮಾವ ಇದ್ದರಲ್ಲ.

ಹಾರರ್ ಸಿನಿಮಾದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಖ್ಯವಾದದ್ದನ್ನು ಆ ರಾತ್ರಿಯೇ ಕಲಿತೆ. ಹೆದರಿಕೆಗೆ ಜೊತೆ ಬೇಕು.

ನಮ್ಮ ಪಂಚಾಂಗದ ಅಕ್ಟೋಬರ್

ಹ್ಯಾಲೋವೀನ್ ಬರುವುದು ಅಕ್ಟೋಬರ್ 31ಕ್ಕೆ. ಮರುದಿನ, ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಅದಕ್ಕೂ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಈ ಹೊತ್ತನ್ನು ಸಾವಿನ್ ಎಂದು ಆಚರಿಸುತ್ತಿದ್ದರು. ಸತ್ತವರಿಗೂ ಬದುಕಿರುವವರಿಗೂ ನಡುವಿನ ಗೋಡೆ ಆ ರಾತ್ರಿ ತೆಳುವಾಗುತ್ತದೆ ಎಂಬುದು ಅವರ ನಂಬಿಕೆ.

ಇದನ್ನು ಓದಿದ ಕುಂದಾಪುರದವನಿಗೆ ಪರದೇಶದ ಮಾತೆಂದು ಅನ್ನಿಸುವುದಿಲ್ಲ. ನಮ್ಮಲ್ಲೂ ಇದು ಮಳೆ ಹಿಂದೆ ಸರಿಯುವ, ಮಧ್ಯಾಹ್ನ ಮೇಲೆ ಗುಡುಗುವ, ಬೈಲಿನಲ್ಲಿ ಕೊಯ್ಲು ನಡೆಯುವ ಕಾಲ. ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಟ್ಟು ಮುಗಿದಿರುತ್ತದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು, ಹಿಂಡ್ಲಿಕಾಯಿಯ ಬಳ್ಳಿ ಸುತ್ತಿ, ನೀರು ತುಂಬುತ್ತೇವೆ. ಪಾಡ್ಯದ ರಾತ್ರಿ ಗದ್ದೆಗೆ ದೀಪ ಇಟ್ಟು, ಪಾತಾಳದಿಂದ ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುವ ಬಲೀಂದ್ರನನ್ನು ಕೂಗಿ ಕರೆಯುತ್ತೇವೆ. ಕತ್ತಲ ಬೈಲಿನಲ್ಲಿ ಒಂದು ಮನೆಯ ಕೂಗು ಮುಗಿಯುವಷ್ಟರಲ್ಲಿ ಆಚೆ ದಿಬ್ಬದ ಮನೆಯ ಕೂಗು ಏಳುತ್ತದೆ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ, ಅಕ್ಟೋಬರ್ 31ಕ್ಕೇ ಬಿದ್ದವು.

ಬ್ರಹ್ಮಾವರ, ಕುಂದಾಪುರ ಸುತ್ತಿನ ಕೊಂಕಣಿ ಕ್ಯಾಥೊಲಿಕರು ನವೆಂಬರ್ 2ರಂದು ಮೃತರ ದಿನವನ್ನು ಆಚರಿಸುತ್ತಾರೆ. ಇಗರ್ಜಿಯ ಸಿಮಿತ್ರಿಯಲ್ಲಿ ಹುಲ್ಲು ಕಿತ್ತು, ಸಮಾಧಿ ತೊಳೆದು, ಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ. ಅಮೆರಿಕದ ಮಕ್ಕಳು ಕುಂಬಳಕಾಯಿಯೊಳಗೆ ಹಚ್ಚುವ ದೀಪವೂ ಈ ಮೊಂಬತ್ತಿಯೂ ಒಂದೇ ವಾರದವು, ಒಂದೇ ಬೇರಿನವು.

ಆದ್ದರಿಂದ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಓದುವ ನಮ್ಮ ಮಕ್ಕಳು ಈ ವಾರ ಹಾರರ್ ಸಿನಿಮಾ ನೋಡುತ್ತಾರೆಂದು ತಿಳಿದಾಗ ಮೂಗು ಮುರಿಯಬೇಕಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಎರಡೇ. ಏನನ್ನು ನೋಡುತ್ತಿದ್ದಾರೆ? ಯಾರ ಜೊತೆ ನೋಡುತ್ತಿದ್ದಾರೆ?

ಕೋಟದಿಂದ ಹೊರಟ ಸಾಲು

ಹಾರರ್ ಸಿನಿಮಾದ ಚರಿತ್ರೆಯಲ್ಲಿ 1931 ದೊಡ್ಡ ವರ್ಷ. ಹಾಲಿವುಡ್‌ನ ಯೂನಿವರ್ಸಲ್ ಕಂಪನಿ ಆ ವರ್ಷದ ಫೆಬ್ರುವರಿಯಲ್ಲಿ ಬೇಲಾ ಲುಗೋಸಿಯ ‘ಡ್ರಾಕುಲಾ’ವನ್ನೂ ನವೆಂಬರಿನಲ್ಲಿ ಬೋರಿಸ್ ಕಾರ್ಲಾಫ್‌ನ ‘ಫ್ರಾಂಕನ್‌ಸ್ಟೈನ್’ ಅನ್ನೂ ಬಿಡುಗಡೆ ಮಾಡಿತು. ಇಂದಿಗೂ ಮಕ್ಕಳು ಬಿಡಿಸುವ ದೆವ್ವದ ಚಿತ್ರಗಳಲ್ಲಿ ಅರ್ಧಕ್ಕರ್ಧ ಈ ಎರಡು ಮುಖಗಳೇ.

ಅದೇ 1931ರಲ್ಲಿ ಕೋಟದ ಒಬ್ಬ ತರುಣ ಒಂದು ಮೂಕಿ ಚಿತ್ರ ಮಾಡಿದರು. ಹೆಸರು ‘ಭೂತರಾಜ್ಯ’. ಮಾಡಿದವರು ಶಿವರಾಮ ಕಾರಂತರು, ಆಗಿನ್ನೂ ಮೂವತ್ತು ತುಂಬದವರು. ಹಿಂದಿನ ವರ್ಷ ‘ಡೊಮಿಂಗೊ’ ಎಂಬ ಇನ್ನೊಂದು ಮೂಕಿ ಮಾಡಿ ಕೈ ಪಳಗಿಸಿಕೊಂಡಿದ್ದರು. ‘ಚೋಮನ ದುಡಿ’ ಇನ್ನೂ ಬಂದಿರಲಿಲ್ಲ, ಜ್ಞಾನಪೀಠ ದೂರದ ಮಾತು. ನಮಗೆ ದಕ್ಕಿದ್ದು ಆ ಚಿತ್ರದ ಹೆಸರಷ್ಟೇ. ಆದರೂ ಕನ್ನಡಕ್ಕೆ ಮಾತಿನ ಸಿನಿಮಾ ಬರುವ ಮೂರು ವರ್ಷ ಮೊದಲೇ ಈ ಕರಾವಳಿಯ ಒಬ್ಬ ಮನುಷ್ಯ ಕ್ಯಾಮೆರಾ ಹಿಡಿದು ‘ಭೂತ’ ಎಂಬ ಮಾತನ್ನು ಪರದೆಯ ಮೇಲೆ ಬರೆದರು ಎಂಬುದೇ ನನಗೆ ದೊಡ್ಡ ಸಂಗತಿ.

ಸಾಲು ಅಲ್ಲಿಗೆ ನಿಲ್ಲಲಿಲ್ಲ. ಕುಂದಾಪುರದ ಪಕ್ಕದ ಕೋಟೇಶ್ವರದಲ್ಲಿ ಹುಟ್ಟಿದ ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ಮಾಡಿದರು. ಸುರೇಶ್ ಹೆಬ್ಳೀಕರ್, ಶೋಭಾ ಇದ್ದ ಆ ಚಿತ್ರದಲ್ಲಿ ದೆವ್ವ ಇಲ್ಲ, ಅನುಮಾನ ಇದೆ. ಅನುಮಾನವೇ ದೆವ್ವದಷ್ಟು ಹೆದರಿಸಬಲ್ಲದು ಎಂದು ಕನ್ನಡದ ಪ್ರೇಕ್ಷಕರಿಗೆ ತೋರಿಸಿಕೊಟ್ಟ ಚಿತ್ರಗಳಲ್ಲಿ ಅದೂ ಒಂದು. ಕಾಶೀನಾಥರ ಗರಡಿಯಲ್ಲಿ ಬೆಳೆದ ಕುಂದಾಪುರ ಮೂಲದ ಉಪೇಂದ್ರ 1993ರಲ್ಲಿ ‘ಶ್!’ ಮಾಡಿದರು. ಸಿನಿಮಾ ಶೂಟಿಂಗಿಗೆಂದು ಹೋದ ತಂಡವನ್ನೇ ದೆವ್ವದ ಭಯ ಕಾಡುವ ಕಥೆ. ಗುರು ಕಾಶೀನಾಥರೂ ಅದರಲ್ಲಿ ನಟಿಸಿದರು. ಆಮೇಲೆ ಕುಂದಾಪುರ ತಾಲ್ಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ತಮ್ಮೂರ ಕಾಡನ್ನೇ ಸೆಟ್ ಮಾಡಿಕೊಂಡು ‘ಕಾಂತಾರ’ ತೆಗೆದರು. 2022ರ ಸೆಪ್ಟೆಂಬರ್ 30ರಂದು ಅದು ತೆರೆಗೆ ಬಂದ ಮೇಲೆ ಆ ಅಕ್ಟೋಬರ್ ಪೂರ್ತಿ ದೇಶದ ಚಿತ್ರಮಂದಿರಗಳಲ್ಲಿ ಕೇಳಿದ್ದು ನಮ್ಮ ಕಾಡಿನ ಕೂಗು. 2024ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ನಟ ಗೌರವವೂ ಅದಕ್ಕೇ ಬಂತು.

ಕೋಟ, ಕೋಟೇಶ್ವರ, ಕೆರಾಡಿ. ಮೂರೂ ಊರನ್ನು ಒಂದು ಬೆಳಗಿನಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದು. ಇಷ್ಟು ಸಣ್ಣ ಜಾಗದಿಂದ ಕತ್ತಲೆಯ ಸಿನಿಮಾ ಕಟ್ಟಿದವರು ಇಷ್ಟು ಮಂದಿ ಬಂದದ್ದು ಆಕಸ್ಮಿಕ ಎಂದು ನಾನು ನಂಬುವುದಿಲ್ಲ. ಅವರೆಲ್ಲರ ಬೇರಿರುವ ನೆಲದ ಬಳಿ ಸಿನಿಮಾಕ್ಕಿಂತ ಹಳೆಯ ಒಂದು ಶಾಲೆ ಇತ್ತು.

ತೆರೆಯ ಹಿಂದಿನ ಅಬ್ಬರ

ಆ ಶಾಲೆ ಯಕ್ಷಗಾನದ ರಂಗಸ್ಥಳ. ದೀಪಾವಳಿ ಕಳೆದು ನವೆಂಬರಿನಲ್ಲಿ ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಮೇಳಗಳು ಒಂದೊಂದಾಗಿ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಹತ್ತನಾವಧಿವರೆಗೆ ಆಟವೇ ಆಟ.

ಇಡೀ ರಾತ್ರಿಯ ಆಟದಲ್ಲಿ ರಕ್ಕಸರ ಬಣ್ಣದ ವೇಷ ಬರುವುದು ನಡುರಾತ್ರಿ ದಾಟಿದ ಮೇಲೆ, ಕೂತವರ ಕಣ್ಣು ಎಳೆಯುವ ಹೊತ್ತಿಗೆ. ಮೊದಲು ವೇಷ ಕಾಣುವುದಿಲ್ಲ. ಬಣ್ಣದ ಮನೆಯಾದ ಚೌಕಿಯ ಕಡೆಯಿಂದ ಒಂದು ಅಬ್ಬರ ಮಾತ್ರ ಕೇಳುತ್ತದೆ. ಮಲಗಿದ ಮಗು ಎದ್ದು ಕೂರುತ್ತದೆ. ಚಂಡೆಯ ಪೆಟ್ಟು ಬಿರುಸಾಗುತ್ತದೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಮೇಲೆ ಕಿರೀಟದ ತುದಿ ಕಂಡು ಮರೆಯಾಗುತ್ತದೆ, ಕೆಳಗೆ ಗೆಜ್ಜೆ ಕಟ್ಟಿದ ಕಾಲು, ಅಂಚಿನಲ್ಲಿ ಹತ್ತು ಬೆರಳು. ದೊಂದಿಯ ಬೆಂಕಿಗೆ ರಾಳದ ಪುಡಿ ಎಸೆದಾಗ ಭಗ್ಗೆಂದು ಎದ್ದ ಜ್ವಾಲೆಯಲ್ಲಿ ಅರ್ಧ ಮುಖ ಕಾಣುತ್ತದೆ. ಮುಖ ಪೂರ್ತಿ ಕಾಣುವ ಹೊತ್ತಿಗೆ ನಾವು ಹೆದರಿ ಮುಗಿದಿರುತ್ತೇವೆ. ಸಕ್ಕಟ್ಟು ಲಕ್ಷ್ಮೀನಾರಾಯಣಯ್ಯನವರ ಬಣ್ಣದ ವೇಷ ಬಡಗುತಿಟ್ಟಿನಲ್ಲಿ ಇಂದಿಗೂ ಮಾತಿಗೆ ಬರುವುದು ಈ ಬಿಗಿಯ ಕಾರಣಕ್ಕೆ.

ಈಗ ‘ಫ್ರಾಂಕನ್‌ಸ್ಟೈನ್’ ಹಾಕಿ ನೋಡಿ. ಕಾರ್ಲಾಫ್‌ನ ರಾಕ್ಷಸ ಮೊದಲ ಸಲ ನಡೆದು ಬರುವ ದೃಶ್ಯ. ಮೊದಲು ಹೆಜ್ಜೆಯ ಸದ್ದು. ಬಾಗಿಲು ತೆರೆಯುತ್ತದೆ. ಅವನು ನಮಗೆ ಬೆನ್ನು ಹಾಕಿಕೊಂಡು ಒಳಬರುತ್ತಾನೆ. ನಿಧಾನಕ್ಕೆ ತಿರುಗುತ್ತಾನೆ. ಆಮೇಲೆ ಕ್ಯಾಮೆರಾ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತದೆ. ನಿರ್ದೇಶಕ ಜೇಮ್ಸ್ ವೇಲ್ ಬಳಸಿದ ಈ ಉಪಾಯಕ್ಕೆ ನಮ್ಮಲ್ಲಿ ತೆರೆಕುಣಿತ ಎಂಬ ಹೆಸರಿದೆ. ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನ ಕಲಾವಿದ ಕಾರ್ಲಾಫ್‌ನ ಮುಖಕ್ಕೆ ಬಣ್ಣ ಹಚ್ಚಲು ದಿನಾ ಸುಮಾರು ನಾಲ್ಕು ಗಂಟೆ ತೆಗೆದುಕೊಳ್ಳುತ್ತಿದ್ದ. ಚೌಕಿಯಲ್ಲಿ ಕನ್ನಡಿ ಹಿಡಿದು ಗಂಟೆಗಟ್ಟಲೆ ತನ್ನ ಮುಖವನ್ನು ತಾನೇ ಬರೆದುಕೊಳ್ಳುವ ನಮ್ಮ ವೇಷಧಾರಿಗೆ ಆ ಲೆಕ್ಕ ಹೊಸತೆನಿಸದು.

1922ರ ಜರ್ಮನ್ ಮೂಕಿ ಚಿತ್ರ ‘ನೋಸ್ಫೆರಾಟು’ವಿನಲ್ಲಿ ರಕ್ತಪಿಪಾಸು ಮೆಟ್ಟಿಲೇರುವುದನ್ನು ನಿರ್ದೇಶಕ ಮುರ್ನೌ ತೋರಿಸುವುದು ಗೋಡೆಯ ನೆರಳಿನಲ್ಲಿ. ಉದ್ದ ಬೆರಳು, ಬಾಗಿದ ಬೆನ್ನು, ಬಾಗಿಲಿಗೆ ಚಾಚಿದ ಕೈ. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಬ್ರಾಮ್ ಸ್ಟೋಕರನ ಹೆಂಡತಿ ದಾವೆ ಹೂಡಿ ಗೆದ್ದರು, ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ಕೋರ್ಟು ಹೇಳಿತು. ಎಲ್ಲೆಲ್ಲೋ ಉಳಿದ ಪ್ರತಿಗಳಿಂದ ಚಿತ್ರ ಬದುಕಿತು. ಇಂದು ಯಾರು ಬೇಕಾದರೂ ಮನೆಯಲ್ಲಿ ಕೂತು ಕಾಸಿಲ್ಲದೆ ನೋಡಬಹುದು. ನಮ್ಮ ‘ಭೂತರಾಜ್ಯ’ಕ್ಕೆ ಆ ಅದೃಷ್ಟ ಇರಲಿಲ್ಲ ಎಂದು ನೆನೆದಾಗ ನನಗೆ ನಿಜವಾಗಿ ನೋವಾಗುತ್ತದೆ.

ಹಳೆಯ ಹಾರರ್ ಚಿತ್ರಗಳನ್ನು ಮಕ್ಕಳಿಗೆ ತೋರಿಸಬೇಕು ಎಂದು ನಾನು ಹೇಳುವುದು ಇದಕ್ಕೇ. ಅವು ಕೊಚ್ಚಿ ತೋರಿಸುವುದಿಲ್ಲ, ಕಾಯಿಸುತ್ತವೆ. ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದ ಸ್ನಾನದ ಮನೆಯ ಕೊಲೆಯಲ್ಲಿ ಚರಂಡಿಗೆ ಹರಿಯುವುದು ಚಾಕೊಲೇಟ್ ಪಾಕ. ಕಪ್ಪುಬಿಳುಪಿನಲ್ಲಿ ಅದು ರಕ್ತವಾಗಿ ಕಂಡಿತು. ಉಳಿದದ್ದನ್ನೆಲ್ಲ ಕಂಡದ್ದು ನಮ್ಮ ಮನಸ್ಸು. ಆದರೆ ‘ಸೈಕೋ’ ಎಳೆಯರಿಗಲ್ಲ, ಅದು ಬೆಳೆದ ಮಕ್ಕಳಿಗೆ.

ಕಣ್ಣಿಗಿಂತ ಕಿವಿ

ಈ ಹಬ್ಬದ ಹೆಸರನ್ನೇ ಹೊತ್ತ ಸಿನಿಮಾ ಜಾನ್ ಕಾರ್ಪೆಂಟರ್‌ನ ‘ಹ್ಯಾಲೋವೀನ್’ (1978). ಕಥೆ ನಡೆಯುವುದು ಶರತ್ಕಾಲದ ಇಲಿನಾಯ್ಸ್‌ನಲ್ಲಿ, ಚಿತ್ರೀಕರಿಸಿದ್ದು ವಸಂತದ ಕ್ಯಾಲಿಫೋರ್ನಿಯಾದಲ್ಲಿ. ದುಡ್ಡಿಲ್ಲದ ತಂಡ ಬಣ್ಣ ಹಚ್ಚಿದ ಒಣ ಎಲೆಗಳನ್ನು ಬೀದಿಯಲ್ಲಿ ಚೆಲ್ಲಿ, ಶಾಟ್ ಮುಗಿದ ಮೇಲೆ ಮತ್ತೆ ಗುಡಿಸಿ ಚೀಲಕ್ಕೆ ತುಂಬುತ್ತಿತ್ತು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಸಿಕ್ಕ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನದು, ಬಿಳಿ ಬಣ್ಣ ಬಳಿದದ್ದು.

ಸಂಗೀತ ಸೇರಿಸುವ ಮೊದಲು ಕಾರ್ಪೆಂಟರ್ ಚಿತ್ರವನ್ನು ಒಂದು ದೊಡ್ಡ ಸ್ಟುಡಿಯೋದ ಅಧಿಕಾರಿಗೆ ತೋರಿಸಿದ. ಆಕೆಗೆ ಹೆದರಿಕೆಯೇ ಆಗಲಿಲ್ಲ. ಆಮೇಲೆ ಅವನೇ ಪಿಯಾನೊ ಮುಂದೆ ಕೂತು, ತನ್ನ ಅಪ್ಪ ಕಲಿಸಿದ್ದ ಐದೈದು ಎಣಿಕೆಯ ಒಂದು ಲಯವನ್ನು ಬಾರಿಸಿ ಸೇರಿಸಿದ. ಅದೇ ಚಿತ್ರ ಜಗತ್ತನ್ನು ಹೆದರಿಸಿತು. ಭಾಗವತರ ಝಂಪೆ ತಾಳ ಕೇಳಿ ಬೆಳೆದ ಕಿವಿಗೆ ಐದರ ಲೆಕ್ಕ ಪರಿಚಿತವೇ. ಎರಡು, ನಾಲ್ಕರ ಸಮಕ್ಕೆ ಬಂದು ಕೂರುತ್ತದೆ ಎಂದು ಕಾಯುವ ಮನಸ್ಸಿಗೆ ಒಂದು ಪೆಟ್ಟು ಹೆಚ್ಚಾಗಿ ಬಿದ್ದಾಗ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬರುತ್ತಿತ್ತು. ಪ್ರಕಾಶ್ ರೈ ಆಗಿನ್ನೂ ಹೊಸ ಮುಖ. ಆ ಧಾರಾವಾಹಿಯ ಕಥೆ ಮರೆತವರಿಗೂ ಶೀರ್ಷಿಕೆ ಹಾಡಿನ ದನಿ ನೆನಪಿದೆ. ಹಾಡು ಶುರುವಾದರೆ ನಮ್ಮ ಮನೆಯಲ್ಲಿ ಹಿತ್ತಿಲ ಬಾಗಿಲು ಹಾಕಲು ಇಬ್ಬರು ಒಟ್ಟಿಗೆ ಹೋಗಬೇಕಿತ್ತು. 2015ರ ‘ರಂಗಿತರಂಗ’ದಲ್ಲಿ ಅನೂಪ್ ಭಂಡಾರಿ ಅದನ್ನು ಮತ್ತೆ ಕೇಳಿಸಿದಾಗ ನನ್ನ ವಯಸ್ಸಿನವರ ಬೆನ್ನಹುರಿಯಲ್ಲಿ ಇಪ್ಪತ್ತೈದು ವರ್ಷದ ಹಳೆಯ ಚಳಿ ಹಾದುಹೋಯಿತು.

‘ಕಾಂತಾರ’ದ ಕೂಗೂ ಹಾಗೆಯೇ. ಅದು ಕಣ್ಣಿನ ಸಿನಿಮಾ ಆಗುವ ಮೊದಲು ಕಿವಿಯ ಸಿನಿಮಾ. ರಾತ್ರಿಯ ಕಾಡಿನಲ್ಲಿ ಆ ಧ್ವನಿ ಎದ್ದಾಗ ಥಿಯೇಟರಿನ ಕತ್ತಲೆಯಲ್ಲಿ ಪಾಪ್‌ಕಾರ್ನ್ ತಿನ್ನುವ ಸದ್ದೂ ನಿಂತದ್ದನ್ನು ನಾನು ಕುಂದಾಪುರದ ‘ವಿನಾಯಕ’ದಲ್ಲಿ ಕೂತು ಕೇಳಿದ್ದೇನೆ.

ದೈವ ಬೇರೆ, ದೆವ್ವ ಬೇರೆ

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹೊರಗಿನವರು ‘ಕಾಂತಾರ’ವನ್ನು ಹಾರರ್ ಪಟ್ಟಿಗೆ ಸೇರಿಸುತ್ತಾರೆ. ನಾವು ಸೇರಿಸಲಾರೆವು. ಕರಾವಳಿಯಲ್ಲಿ ಭೂತ ಎಂದರೆ ಕಾಯುವ ಶಕ್ತಿ. ಹಾಯ್ಗುಳಿ, ಬೊಬ್ಬರ್ಯ, ಪಂಜುರ್ಲಿ, ಚಿಕ್ಕು, ಯಕ್ಷಿ, ನಂದಿಕೇಶ್ವರ ನಮ್ಮ ಮನೆತನದ, ಗದ್ದೆಯ, ಕಡಲಿನ ನ್ಯಾಯ ನೋಡುವವರು. ಪಾಣಾರರು ಬಣ್ಣ ಹಚ್ಚಿ, ಅಣಿ ಕಟ್ಟಿ, ದರ್ಶನದಲ್ಲಿ ನುಡಿಯುವಾಗ ಕೈಮುಗಿದು ನಿಲ್ಲುತ್ತೇವೆ. ಅಲ್ಲಿ ಭಯ ಇದೆ, ಅದರ ಹಿಂದೆ ಭಕ್ತಿ ಇದೆ. ಪೀಡೆ, ಪ್ರೇತ ಎಂದು ನಾವು ಕರೆಯುವುದು ಬೇರೆಯದನ್ನು. 2025ರ ಅಕ್ಟೋಬರಿನಲ್ಲಿ ‘ಕಾಂತಾರ ಅಧ್ಯಾಯ 1’ ಬಂದಾಗ ಕೆಲವರು ಥಿಯೇಟರುಗಳಲ್ಲಿ ದೈವದ ವೇಷ ಹಾಕಿ ಕುಣಿದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಹ್ಯಾಲೋವೀನ್ ಪಾರ್ಟಿಗೆ ಡ್ರಾಕುಲಾ ಆಗಿ, ಮಾಟಗಾತಿ ಆಗಿ. ದೈವದ ಮುಖವರ್ಣಿಕೆ ಮಾತ್ರ ಪಾರ್ಟಿಯ ವೇಷ ಆಗಬಾರದು.

ಈ ಭೇದ ತಿಳಿಯಬೇಕಾದರೆ ಬ್ರಹ್ಮಾವರ ತಾಲ್ಲೂಕಿನ ಮೆಕ್ಕೆಕಟ್ಟಿಗೆ ಹೋಗಿ ಬನ್ನಿ. ಶಿರಿಯಾರದ ಹತ್ತಿರದ ಆ ನಂದಿಕೇಶ್ವರ ದೇವಸ್ಥಾನದಲ್ಲಿ ಕೆಂಪು ಬಣ್ಣ ಬಳಿದ ಮರದ ಮೂರ್ತಿಗಳು ಸಾಲು ಸಾಲಾಗಿ ನಿಂತಿವೆ. ತೆರೆದ ಕಣ್ಣು, ಹೊರಚಾಚಿದ ನಾಲಿಗೆ, ಕುದುರೆ ಏರಿದವರು, ಆಯುಧ ಎತ್ತಿದವರು. ಅಲ್ಲಿನ ಹಳೆಯ ಮೂರ್ತಿಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಮೊದಲ ನೋಟಕ್ಕೆ ಎದೆ ಝಲ್ಲೆನ್ನುತ್ತದೆ. ಹತ್ತು ನಿಮಿಷ ನಿಂತರೆ, ಇವರು ನಮ್ಮ ಕಡೆಯವರು ಎಂಬ ಧೈರ್ಯ ಬರುತ್ತದೆ.

ಅಲ್ಲಿಂದ ಬಾರ್ಕೂರು ದೂರವಿಲ್ಲ. ಭೂತಾಳ ಪಾಂಡ್ಯನ ಐತಿಹ್ಯ ಅಲ್ಲಿಯದು. ದೇವಪಾಂಡ್ಯನ ಹಡಗುಗಳನ್ನು ಕುಂಡೋದರ ಎಂಬ ಭೂತ ತಡೆಯಿತಂತೆ, ನರಬಲಿ ಕೇಳಿತಂತೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಭೂತ ಆ ಹುಡುಗನನ್ನು ಕೊಲ್ಲಲಿಲ್ಲ, ಭೂತಾಳ ಪಾಂಡ್ಯನೆಂಬ ರಾಜನನ್ನಾಗಿ ಮಾಡಿತು. ಆಸ್ತಿ ಸೋದರಳಿಯನಿಗೆ ಸಲ್ಲುತ್ತಿದ್ದ ಅಳಿಯಕಟ್ಟಿಗೆ ಜನ ಹೇಳುವ ಕಾರಣ ಈ ಕಥೆ. ಕತ್ತಿಯ ಕೆಳಗೆ ನಿಂತ ಮಗು, ಕಡಲಲ್ಲಿ ನಿಂತ ಹಡಗು, ರಾತ್ರಿ ನುಡಿಯುವ ಭೂತ. ಯಾವ ಹಾರರ್ ಚಿತ್ರಕಥೆಗೂ ಕಡಿಮೆ ಇಲ್ಲದ ಕಥೆ ಒಂದು ನಾಡಿನ ಕಾನೂನಿನ ಬೇರಾಗಿ ಕೂತಿದೆ. ನಮ್ಮ ಅಜ್ಜಿಯರು ಹೆದರಿಸುತ್ತಲೇ ನ್ಯಾಯ ಹೇಳಿಕೊಟ್ಟರು.

ದೆವ್ವಗಳೆಲ್ಲ ಯಾಕೆ ಹೆಂಗಸರು?

ಹಳೆಯ ಸಿನಿಮಾಗಳನ್ನು ಸಾಲಾಗಿ ನೋಡಿದರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ‘ಮಹಲ್’ (1949), ‘ಮಧುಮತಿ’ (1958) ಚಿತ್ರಗಳಿಂದ ‘ನಾ ನಿನ್ನ ಬಿಡಲಾರೆ’ಯ ಕಾಮಿನಿ, 2004ರ ‘ಆಪ್ತಮಿತ್ರ’ದ ನಾಗವಲ್ಲಿಯವರೆಗೆ ಕಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಬದುಕಿದ್ದಾಗ ಮಾತಾಡಲು ಬಿಡದವರು ಸತ್ತ ಮೇಲೆ ಮಾತಾಡುತ್ತಾರೆ. ‘ಆಪ್ತಮಿತ್ರ’ ತೆರೆಗೆ ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ವಿಮಾನ ಅಪಘಾತದಲ್ಲಿ ಅದರ ನಾಯಕಿ ಸೌಂದರ್ಯ ತೀರಿಕೊಂಡಿದ್ದರು. ಪರದೆಯ ಮೇಲೆ ಅವರ ಕಣ್ಣು ನೋಡುವಾಗ ಅಂದು ನಮಗೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಗಿತ್ತು.

2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡರ ‘ಸು ಫ್ರಂ ಸೋ’ ಈ ಪ್ರಶ್ನೆಯನ್ನು ನಗಿಸುತ್ತಲೇ ಕೈಗೆತ್ತಿಕೊಂಡಿತು. ಊರಿನ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಕರಾವಳಿಯ ಹಳ್ಳಿಯೊಂದು ನಂಬಿಬಿಡುತ್ತದೆ. ನಕ್ಕು ನಕ್ಕು ಸಾಕಾದ ಮೇಲೆ, ಆ ಹೆಸರಿನ ಹಿಂದೆ ನಿಜವಾಗಿ ಬದುಕಿ ನೊಂದ ಒಬ್ಬ ಹೆಂಗಸು ಇದ್ದಳು ಎಂಬುದು ನೆನಪಾಗುತ್ತದೆ. ದೆವ್ವದ ಕಥೆಯನ್ನು ಎಲ್ಲಿ ತಂದು ನಿಲ್ಲಿಸಬೇಕೋ ಅಲ್ಲಿಗೆ ತಂದು ನಿಲ್ಲಿಸಿದ ಚಿತ್ರ ಅದು.

ಗುಲಾಬಿಯ ಮನೆಯಲ್ಲಿ

ಕುಂದಾಪುರದಲ್ಲೇ ಹುಟ್ಟಿ ಬೆಳೆದ ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2008ರಲ್ಲಿ ‘ಗುಲಾಬಿ ಟಾಕೀಸ್’ ತೆರೆಗೆ ತಂದರು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಕುಂದಾಪುರ ಕಡೆಯ ಮೀನುಗಾರರ ಕೇರಿಯಲ್ಲಿ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಅವಳ ಗುಡಿಸಲಿಗೆ ಟಿ.ವಿ. ಬಂದಾಗ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಒಟ್ಟಿಗೆ ಅಳುತ್ತಾರೆ, ನಗುತ್ತಾರೆ. ಆಮೇಲೆ ಧರ್ಮದ ಹೆಸರಿನಲ್ಲಿ ಊರು ಒಡೆಯುತ್ತದೆ, ಗುಲಾಬಿ ಒಂಟಿಯಾಗುತ್ತಾಳೆ. ಅದು ಹಾರರ್ ಚಿತ್ರವಲ್ಲ. ಆದರೂ ನಾನು ನೋಡಿದವುಗಳಲ್ಲಿ ನನ್ನನ್ನು ಬಹುಕಾಲ ಹೆದರಿಸಿದ್ದು ಅದರ ಕೊನೆಯ ಭಾಗ. ಜೊತೆಗೆ ಕೂತು ನೋಡುತ್ತಿದ್ದವರು ಎದ್ದುಹೋದ ಮನೆಗಿಂತ ಭಯದ ಜಾಗ ಇನ್ನೊಂದಿಲ್ಲ.

ಇಂದು ನಮ್ಮ ಮಕ್ಕಳು ಹಾರರ್ ನೋಡುವುದು ಹೊದಿಕೆಯೊಳಗೆ, ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಥಿಯೇಟರಿನಲ್ಲಿ ಪಕ್ಕದವರ ಕೈ ಹಿಡಿಯಬಹುದು, ಆಟದ ಬಯಲಿನಲ್ಲಿ ಅಪ್ಪನ ಶಾಲಿನೊಳಗೆ ನುಗ್ಗಬಹುದು. ಹೆದರಿ ಕಿರುಚಿದ ಮರುಕ್ಷಣ ಎಲ್ಲರೂ ಒಟ್ಟಿಗೆ ನಗುವುದುಂಟು. ಎದೆಬಡಿತ ಇಳಿಯುವುದು ಆ ನಗೆಯಲ್ಲಿ. ಹೊದಿಕೆಯೊಳಗಿನ ಮಗುವಿಗೆ ಆ ನಗೆ ಇಲ್ಲ. ನೋಡಿದ್ದು ಒಳಗೇ ಉಳಿಯುತ್ತದೆ.

ಆದ್ದರಿಂದ ಈ ಸಲ ಅಕ್ಟೋಬರ್ ಕೊನೆಯ ವಾರದಲ್ಲಿ ಐದು ರಾತ್ರಿ ತೆಗೆದಿಡಿ. ಮೊದಲ ರಾತ್ರಿ ‘ನೋಸ್ಫೆರಾಟು’. ಮಾತಿಲ್ಲದ ಚಿತ್ರ, ಅಜ್ಜಿಗೂ ಮೊಮ್ಮಗನಿಗೂ ಸಮಾನ ಅರ್ಥವಾಗುತ್ತದೆ. ಎರಡನೆಯ ರಾತ್ರಿ ‘ಫ್ರಾಂಕನ್‌ಸ್ಟೈನ್’. ಆ ರಾಕ್ಷಸ ಕೊಳದ ಬದಿಯಲ್ಲಿ ಪುಟ್ಟ ಹುಡುಗಿಯ ಜೊತೆ ಹೂವಿನ ಆಟ ಆಡುವ ದೃಶ್ಯ ಬಂದಾಗ ಮಕ್ಕಳ ಮುಖ ನೋಡಿ. ಮೂರನೆಯ ರಾತ್ರಿ ‘ನಾ ನಿನ್ನ ಬಿಡಲಾರೆ’. ನಾಲ್ಕನೆಯ ರಾತ್ರಿ ‘ಶ್!’ ಅಥವಾ ‘ಆಪ್ತಮಿತ್ರ’. ಐದನೆಯ ರಾತ್ರಿ ಸಿನಿಮಾ ಬೇಡ. ದೀಪ ಸಣ್ಣದು ಮಾಡಿ ಮನೆಯ ಹಿರಿಯರಿಂದ ನಿಮ್ಮೂರ ಕಥೆ ಕೇಳಿ. ಕುಂಡೋದರನ ಕಥೆ, ಹಾಯ್ಗುಳಿಯ ಕಥೆ, ಸಂಕದ ಬುಡದ ಕಥೆ. ಮೊಬೈಲಿನಲ್ಲಿ ದಾಖಲಿಸಿಡಿ. ‘ಭೂತರಾಜ್ಯ’ದಂತೆ ಇವೂ ಹೆಸರಷ್ಟೇ ಉಳಿಯುವಂತಾಗಬಾರದು.

ಊರಿನ ಯುವಕ ಮಂಡಲಗಳಿಗೆ, ಶಾಲೆ ಕಾಲೇಜುಗಳಿಗೆ, ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್ ನಡೆಸುವವರಿಗೆ ಒಂದು ಕೋರಿಕೆ ಇದೆ. ವರ್ಷಕ್ಕೊಂದು ರಾತ್ರಿ ಬಿಳಿ ಬಟ್ಟೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಇಂಥ ಒಂದು ಹಳೆಯ ಚಿತ್ರವನ್ನು ಊರಿಗೆಲ್ಲ ತೋರಿಸಿ. ಕಾರಂತರ ಹುಟ್ಟುಹಬ್ಬ ಅಕ್ಟೋಬರ್ 10ಕ್ಕೆ. ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ಪಕ್ಕದಲ್ಲಿ ಚಂಡೆ ಮದ್ದಳೆಯವರನ್ನು ಕೂರಿಸಿ ಮೂಕಿ ಚಿತ್ರಕ್ಕೆ ನುಡಿಸಲು ಹೇಳಿ. ಮುರ್ನೌನ ನೆರಳಿಗೆ ನಮ್ಮ ಚಂಡೆ ಹೇಗೆ ಕೂಡುತ್ತದೆ ಎಂದು ಕೇಳಲು ನಾನು ಮೊದಲ ಸಾಲಿಗೆ ಬರುತ್ತೇನೆ.

ಆ ರಾತ್ರಿ ಸಿನಿಮಾ ಮುಗಿದು ಮನೆಗೆ ಹೊರಡುವಾಗ ಮಕ್ಕಳನ್ನು ಮುಂದೆ ಬಿಡಿ. ಸಾಲಿನ ಕೊನೆಯಲ್ಲಿ ನೀವು ನಡೆಯಿರಿ.